ಕಾಂಪೌಂಡಿನ ಹೊರಗೆ ನಿಂತವರು

ಹೊರದೇಶಗಳಲ್ಲಿರುವ ನಮ್ಮ ರಾಯಭಾರ ಕಚೇರಿಗಳ ಕಾವಲಿನಲ್ಲಿ ಸೇವೆಯ ಒಳ್ಳೆಯ ವರ್ಷಗಳನ್ನು ಕಳೆದವನು ನೆನಪು ಬರೆಯಲು ಕೂತರೆ, ಓದುವವರು ಬಂದೂಕಿನ ಸದ್ದಿಗೆ ಕಿವಿಗೊಟ್ಟು ಕಾಯುತ್ತಾರೆ. ಅವರಿಗೆ ನಿರಾಸೆ ಮಾಡಬೇಕಾಗಿದೆ. ಹೇಳಬಾರದೆಂಬ ಸರ್ಕಾರಿ ಕಟ್ಟುಪಾಡು ಹಾಗಿರಲಿ, ಅಂಥ ಕಥೆಗಳಿಂದ ಈ ಕೆಲಸ ಅರ್ಥವಾಗುವುದೂ ಇಲ್ಲ. ಕೇಳಿದವರು ಎದ್ದುಹೋಗುವಾಗ ಹೇಳಿದವನ ಧೈರ್ಯವನ್ನಷ್ಟೇ ಹೊತ್ತು ಹೋಗುತ್ತಾರೆ. ಇಷ್ಟು ವರ್ಷಗಳಾದ ಮೇಲೆ ನನ್ನಲ್ಲಿ ಗಟ್ಟಿಯಾಗಿ ಉಳಿದಿರುವುದು ಒಂದು ತೀರ್ಮಾನ. ರಾಯಭಾರ ಕಚೇರಿಯನ್ನು ಕೊನೆಗೂ ಕಾಯುವುದು ಅದು ನಿಂತಿರುವ ನೆಲದ ಸರ್ಕಾರ. ನಾವು ಎತ್ತುವ ಗೋಡೆ, ಕೂರಿಸುವ ಕಬ್ಬಿಣದ ಬಾಗಿಲು, ಛಾವಣಿಯ ಮೇಲೆ ನಿಲ್ಲಿಸುವ ಸೆಂಟ್ರಿ ಎಲ್ಲ ಸೇರಿ ಆ ಸರ್ಕಾರದ ಪೊಲೀಸರು ಬಂದು ಮುಟ್ಟುವ ತನಕ ಒಂದಷ್ಟು ಹೊತ್ತನ್ನು ಸಂಪಾದಿಸಿಕೊಡುತ್ತವೆ. ಹಾಗಾದರೆ ಭದ್ರತಾಧಿಕಾರಿಯ ಕೆಲಸದ ಮುಕ್ಕಾಲು ಪಾಲು ಕಾಂಪೌಂಡಿನ ಹೊರಗಿರುತ್ತದೆ. ನಮ್ಮ ತರಬೇತಿ, ಬಡ್ತಿ, ಪದಕ, ತನಿಖೆಗಳೆಲ್ಲ ಒಳಗಿನ ಕಾಲು ಪಾಲನ್ನೇ ಅಳೆಯುತ್ತ ಬಂದಿವೆ ಎಂಬುದು ನನ್ನ ತಕರಾರು.

1961ರ ವಿಯೆನ್ನಾ ಒಪ್ಪಂದದ 22ನೇ ವಿಧಿಯಿಂದಲೇ ಶುರುಮಾಡಬೇಕು. ಆತಿಥೇಯ ದೇಶದ ಪೊಲೀಸರು ರಾಯಭಾರಿಯ ಒಪ್ಪಿಗೆಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಆದರೆ ಯಾರೂ ನುಗ್ಗದಂತೆ, ಹಾನಿ ಮಾಡದಂತೆ, ಅದರ ಘನತೆಗೆ ಕುಂದು ತಾರದಂತೆ ನೋಡಿಕೊಳ್ಳುವ ವಿಶೇಷ ಹೊಣೆ ಅವರದೇ. ಬಾಗಿಲು ದಾಟುವ ಹಾಗಿಲ್ಲ, ಬಾಗಿಲು ಬಿಟ್ಟು ಹೋಗುವ ಹಾಗೂ ಇಲ್ಲ. ಭಾರತ ಇದನ್ನು 1972ರಲ್ಲಿ ಕಾನೂನಾಗಿಯೂ ಮಾಡಿಕೊಂಡಿದೆ. ರಾಯಭಾರ ಕಚೇರಿಯ ಜಾಗ ಆ ಹೊರದೇಶದ್ದೇ ನೆಲ ಎಂದು ನಮ್ಮಲ್ಲಿ ಓದಿದವರೂ ನಂಬಿದ್ದಾರೆ. ಅದು ತಪ್ಪು. ಕಾಬೂಲಿನ ನಮ್ಮ ಕಚೇರಿ ನಿಂತಿರುವುದು ಆಫ್ಘನ್ ನೆಲದ ಮೇಲೇ, ದೆಹಲಿಯ ಅಮೆರಿಕನ್ ಕಚೇರಿ ನಿಂತಿರುವುದು ಭಾರತದ ಮಣ್ಣಿನ ಮೇಲೇ. ಈ ವಿಧಿ ಯಾಕೆ ಹೀಗಿದೆ ಎಂಬುದಕ್ಕೆ ಕಾನೂನು ಪಂಡಿತರ ವಿವರಣೆಗಿಂತ ಡ್ಯೂಟಿ ರಿಜಿಸ್ಟರ್ ಉತ್ತಮ ವಿವರಣೆ. ಕಾಗದದ ಮೇಲೆ ಇಪ್ಪತ್ತನಾಲ್ಕು ಜವಾನರಿದ್ದಾರೆ ಅನ್ನಿ. ಮೂರು ಪಾಳಿಗೆ ಹಂಚಿ. ರಜೆಯಲ್ಲಿ ಊರಿಗೆ ಹೋದವರು, ಜ್ವರ ಬಂದು ಮಲಗಿದವರು, ಮೆಸ್ಸಿನ ಅಡುಗೆಗೆ ಬಿದ್ದವರನ್ನು ಕಳೆಯಿರಿ. ಯಾವುದೇ ಗಳಿಗೆಯಲ್ಲಿ ಮುಂದಿನ ಗೇಟು, ಹಿಂದಿನ ಗೇಟು, ಛಾವಣಿ ಮೂರೂ ಸೇರಿ ಎಚ್ಚರವಿರುವವರು ಐದಾರು ಮಂದಿ. ಸಾವಿರ ಜನ ಗೋಡೆ ಹತ್ತಲು ನಿಂತರೆ ಈ ಐದಾರು ಮಂದಿ ಏನು ಮಾಡಬಲ್ಲರು? ಗುಂಡು ಹಾರಿಸಿದರೆ ಗುಂಪು ಸಿಡಿಯುತ್ತದೆ, ಹಾರಿಸದಿದ್ದರೆ ಒಳಗೆ ಬರುತ್ತದೆ. ಎರಡಕ್ಕೂ ನಡುವೆ ಅವರಿಗಿರುವುದು ಬಾಗಿಲುಗಳನ್ನು ಒಂದೊಂದಾಗಿ ಹಾಕಿಕೊಳ್ಳುತ್ತ ಹಿಂದೆ ಸರಿದು, ಫೋನು ಹಿಡಿದು ಕಾಯುವ ದಾರಿ.

ಇದಕ್ಕೆ ನಾನು ಕಂಡ ಅತ್ಯಂತ ಸ್ಪಷ್ಟ ಸಾಕ್ಷಿ ತೆಹರಾನಿನದು. 1979ರ ನವೆಂಬರ್ 4 ಎಲ್ಲರಿಗೂ ಗೊತ್ತು: ಅಮೆರಿಕದ ಕಚೇರಿಗೆ ವಿದ್ಯಾರ್ಥಿಗಳು ನುಗ್ಗಿದರು, 52 ಮಂದಿ 444 ದಿನ ಒತ್ತೆಯಾಳಾದರು. ಅದೇ ಕಚೇರಿಗೆ ಅದೇ ವರ್ಷದ ಫೆಬ್ರವರಿ 14ರಂದೂ ಗುಂಪು ನುಗ್ಗಿತ್ತು ಎಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಕ್ರಾಂತಿ ಗೆದ್ದು ಆಗಿನ್ನೂ ಮೂರು ದಿನ. ಬಂದವರ ಕೈಯಲ್ಲಿ ಆಟೊಮ್ಯಾಟಿಕ್ ಬಂದೂಕುಗಳಿದ್ದವು. ಹಾಗೆ ನೋಡಿದರೆ ಫೆಬ್ರವರಿಯ ದಾಳಿಯೇ ಹೆಚ್ಚು ಘೋರ. ಆದರೆ ಹೊಸ ಸರ್ಕಾರದ ಇಬ್ರಾಹಿಂ ಯಜ್ದಿ ತಮ್ಮ ಜನರನ್ನು ಕರೆದುಕೊಂಡು ಬಂದು ನಿಂತರು. ಕೆಲವೇ ಗಂಟೆಗಳಲ್ಲಿ ಕಚೇರಿ ಅಮೆರಿಕನ್ನರ ಕೈಗೆ ವಾಪಸಾಯಿತು. ಆ ಬಳಿಕ ಕಟ್ಟಡವನ್ನು ಬಲಪಡಿಸಲಾಯಿತು. ನವೆಂಬರಿನಲ್ಲಿ ಗೋಡೆ ಇನ್ನಷ್ಟು ಗಟ್ಟಿಯಾಗಿತ್ತು, ಬಂದ ಹುಡುಗರು ಇನ್ನಷ್ಟು ಹಸಿಬಿಸಿಯಾಗಿದ್ದರು. ಕಚೇರಿಯ ಭದ್ರತಾಧಿಕಾರಿ ಅಲ್ ಗೊಲಸಿನ್ಸ್ಕಿ ಗುಂಪಿನೊಂದಿಗೆ ಮಾತಾಡಿ ನೋಡಲು ಹೊರಗೆ ಹೋದರು, ಸೆರೆಯಾದರು. ರಾಯಭಾರ ಕಚೇರಿಯ ಮುಖ್ಯಸ್ಥ ಬ್ರೂಸ್ ಲೇಂಗನ್ ಆ ಹೊತ್ತಿಗೆ ಇರಾನಿನ ವಿದೇಶಾಂಗ ಸಚಿವಾಲಯದಲ್ಲೇ ಇದ್ದರು. ಅವರು ಅಂಗಲಾಚಿದ್ದು ಯಾರ ಬಳಿ? ಅದೇ ಯಜ್ದಿಯ ಬಳಿ. ಈಗವರು ವಿದೇಶಾಂಗ ಸಚಿವರು. ಹುದ್ದೆ ದೊಡ್ಡದಾಗಿತ್ತು, ಮಾತು ನಡೆಯುವ ಕಾಲ ಮುಗಿದಿತ್ತು. ಎರಡು ದಿನಗಳಲ್ಲಿ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಫೆಬ್ರವರಿಗೂ ನವೆಂಬರಿಗೂ ನಡುವೆ ಗೋಡೆಯ ಲೆಕ್ಕದಲ್ಲಿ ಯಾವ ನಷ್ಟವೂ ಆಗಿರಲಿಲ್ಲ. ಹೊರಗೆ ಯಾರು ಬರುತ್ತಾರೆ ಎಂಬುದಷ್ಟೇ ಬದಲಾಗಿತ್ತು.

ಹದಿನೇಳು ದಿನಗಳ ನಂತರ ಇಸ್ಲಾಮಾಬಾದಿನಲ್ಲಿ ನಡೆದದ್ದು ಇನ್ನೊಂದು ಬಗೆ. ಮೆಕ್ಕಾದ ದೊಡ್ಡ ಮಸೀದಿಯನ್ನು ಅಮೆರಿಕನ್ನರು ಆಕ್ರಮಿಸಿದ್ದಾರೆ ಎಂಬ ಸುಳ್ಳು ಸುದ್ದಿ ಹಬ್ಬಿ ಗುಂಪು ಅಮೆರಿಕದ ಕಚೇರಿಗೆ ಬೆಂಕಿಯಿಟ್ಟಿತು. ಒಳಗಿದ್ದ ನೂರಕ್ಕೂ ಹೆಚ್ಚು ಜನ ಮೇಲಂತಸ್ತಿನ ಭದ್ರ ಕೋಣೆಗೆ ಸೇರಿಕೊಂಡು ಉಕ್ಕಿನ ಬಾಗಿಲು ಹಾಕಿಕೊಂಡರು. ಕೆಳಗೆ ಕಟ್ಟಡ ಉರಿಯುತ್ತಿತ್ತು. ಕಾಲಡಿಯ ಹಾಸು ಕಾದು ಉಬ್ಬತೊಡಗಿತು, ಒದ್ದೆ ಬಟ್ಟೆಯಲ್ಲಿ ಉಸಿರಾಡುತ್ತ ಗಂಟೆಗಟ್ಟಲೆ ಕೂತರು. ಬಾಗಿಲು ತನ್ನ ಕೆಲಸ ಮಾಡಿತು, ಇದನ್ನು ಒಪ್ಪಲೇಬೇಕು. ಆದರೆ ಅದು ಗಳಿಸಿಕೊಟ್ಟ ಹೊತ್ತಿಗೆ ತಕ್ಕಂತೆ ಪಾಕಿಸ್ತಾನದ ಸೇನೆ ಬರಲಿಲ್ಲ. ಜನರಲ್ ಜಿಯಾ ಅಂದು ರಾವಲ್ಪಿಂಡಿಯ ಬೀದಿಗಳಲ್ಲಿ ಸೈಕಲ್ ತುಳಿದು ಸೈಕಲ್ ಸವಾರಿಯ ಪ್ರಚಾರ ಮಾಡುತ್ತಿದ್ದರು. ಅಧ್ಯಕ್ಷರ ಸೈಕಲ್ಲಿಗೂ ಕಾವಲು ಬೇಕಲ್ಲ. ಸಂಜೆಯಾಗಿ ಗುಂಪು ಕರಗಿದ ಮೇಲೆ ಒಳಗಿದ್ದವರೇ ಛಾವಣಿಯ ಮೂಲಕ ಹೊರಬಿದ್ದರು. ಇಬ್ಬರು ಅಮೆರಿಕನ್ನರು, ಕಚೇರಿಯ ಇಬ್ಬರು ಪಾಕಿಸ್ತಾನಿ ನೌಕರರು ಸತ್ತಿದ್ದರು. ಆ ಬಾಗಿಲನ್ನು ಕೂರಿಸಿದ ಎಂಜಿನಿಯರನಿಗೆ ಪೂರ್ತಿ ಅಂಕ ಕೊಡುತ್ತೇನೆ. ಗುಂಪು ತಾನಾಗಿ ಚದುರದೆ ಇನ್ನೆರಡು ಗಂಟೆ ನಿಂತಿದ್ದರೆ ಆ ಅಂಕಗಳಿಂದ ಏನು ಆಗುತ್ತಿತ್ತು ಎಂದು ಕೇಳುತ್ತೇನೆ.

ಬರುವ ಮನಸ್ಸಿದ್ದ ಆತಿಥೇಯ ಹೇಗಿರುತ್ತಾನೆ ಎಂಬುದಕ್ಕೆ ನಮ್ಮದೇ ಉದಾಹರಣೆಗಳಿವೆ. 2014ರ ಮೇ 23ರ ನಸುಕಿನಲ್ಲಿ, ಹೊಸ ಪ್ರಧಾನಿಯ ಪ್ರಮಾಣವಚನಕ್ಕೆ ಮೂರು ದಿನವಿರುವಾಗ, ಹೆರಾತ್‌ನ ನಮ್ಮ ದೂತಾವಾಸದ ಮೇಲೆ ಬಂದೂಕುಧಾರಿಗಳು ಬಿದ್ದರು. ಕಾವಲಿಗಿದ್ದ ಇಂಡೋ-ಟಿಬೆಟನ್ ಗಡಿ ಪೊಲೀಸ್ (ಐಟಿಬಿಪಿ) ಪಡೆಯ ಜವಾನರು ಅವರನ್ನು ಗೋಡೆಯಲ್ಲೇ ತಡೆದರು. ಪತ್ರಿಕೆಗಳು ಸರಿಯಾಗಿಯೇ ಆ ಜವಾನರನ್ನು ಹೊಗಳಿದವು. ಆದರೆ ಕಾಳಗ ಗಂಟೆಗಟ್ಟಲೆ ನಡೆಯಿತು, ಅದನ್ನು ಮುಗಿಸುವುದರಲ್ಲಿ ಆಫ್ಘನ್ ಪಡೆಗಳ ಕೈ ದೊಡ್ಡದಿತ್ತು ಎಂಬ ಸಾಲು ಸುದ್ದಿಯ ಕೊನೆಗೆ ಹೋಯಿತು. 2016ರ ಜನವರಿಯಲ್ಲಿ ಮಜಾರ್-ಎ-ಶರೀಫ್‌ನಲ್ಲಿ ದಾಳಿಕೋರರು ದೂತಾವಾಸದ ಎದುರಿನ ಕಟ್ಟಡದೊಳಗೆ ಸೇರಿಕೊಂಡರು. ಎದುರಿನ ಕಟ್ಟಡ ನಮ್ಮ ಗೋಡೆಯ ಆಚೆಗಿನದು. ಅಲ್ಲಿಗೆ ಹೋಗಿ ಅವರನ್ನು ಹೊರಗೆಳೆಯುವ ಅಧಿಕಾರ ನಮ್ಮ ಜವಾನನಿಗಿಲ್ಲ. ಒಂದು ಹಗಲು ಒಂದು ರಾತ್ರಿ ಮುಗಿದರೂ ಮುಗಿಯದ ಮುತ್ತಿಗೆ ಅದು. ಪ್ರಾಂತ್ಯದ ಗವರ್ನರ್ ಅತ್ತಾ ಮೊಹಮ್ಮದ್ ನೂರ್ ತಾವೇ ಬಂದೂಕು ಹಿಡಿದು ಅಲ್ಲಿಗೆ ಬಂದು ನಿಂತ ಚಿತ್ರ ಎಲ್ಲೆಡೆ ಪ್ರಕಟವಾಯಿತು. ಅದರಲ್ಲಿ ಒಂದಿಷ್ಟು ರಾಜಕೀಯ ಪ್ರದರ್ಶನವೂ ಇತ್ತು ಅನ್ನಿ. ಇದ್ದರೇನು? ಗವರ್ನರನೇ ಬೀದಿಗಿಳಿದ ಊರಿನಲ್ಲಿ ಅವನ ಪೊಲೀಸರು ಮನೆಯಲ್ಲಿ ಕೂರುವುದಿಲ್ಲ. ಆ ಮನಸ್ಸು ಒಂದು ರಾತ್ರಿಯಲ್ಲಿ ಹುಟ್ಟಿದ್ದಲ್ಲ. ವರ್ಷಗಟ್ಟಲೆ ಅಲ್ಲಿ ಓಡಾಡಿ ಚಹಾ ಕುಡಿದವರ, ಮದುವೆಗೆ ಹೋಗಿಬಂದವರ, ಆಸ್ಪತ್ರೆಯ ವೀಸಾಕ್ಕೆ ಬಂದವರನ್ನು ಬಿಸಿಲಲ್ಲಿ ನಿಲ್ಲಿಸದೆ ಕಳಿಸಿದವರ ಗಳಿಕೆ ಅದು.

ಇಲ್ಲಿಗೆ ನನ್ನ ಹಳೆಯ ಸಹೋದ್ಯೋಗಿಗಳು ಒಂದು ಆಕ್ಷೇಪ ಎತ್ತುತ್ತಾರೆ, ಅದು ಬಲವಾದದ್ದೇ. ಗುಂಪಿನ ಮಾತು ಬೇರೆ, ಬಾಂಬಿನ ಮಾತು ಬೇರೆ. ಸ್ಫೋಟಕ ತುಂಬಿದ ಗಾಡಿಗೆ ಒಂದು ಕ್ಷಣ ಸಾಕು. ಯಾವ ಪೊಲೀಸೂ ಆ ಕ್ಷಣದೊಳಗೆ ಬಂದು ಮುಟ್ಟಲಾರ. ಅಲ್ಲಿ ಉಳಿಸುವುದು ಅಂತರ ಮತ್ತು ಕಾಂಕ್ರೀಟು. 2008ರ ಜುಲೈ 7ರ ಬೆಳಿಗ್ಗೆ ಕಾಬೂಲಿನ ನಮ್ಮ ಗೇಟಿನಲ್ಲಿ ಕಾರು ಸಿಡಿದಾಗ ಬ್ರಿಗೇಡಿಯರ್ ರವಿ ದತ್ ಮೆಹ್ತಾ, ರಾಜತಾಂತ್ರಿಕ ವಿ. ವೆಂಕಟೇಶ್ವರ ರಾವ್, ಐಟಿಬಿಪಿಯ ಅಜಯ್ ಪಠಾನಿಯಾ ಮತ್ತು ರೂಪ್ ಸಿಂಗ್ ಹೋದರು. ಒಟ್ಟು ಸತ್ತವರು ಐವತ್ತಕ್ಕೂ ಹೆಚ್ಚು. ಮರುವರ್ಷ ಅಕ್ಟೋಬರ್ 8ರಂದು ಅದೇ ಕಚೇರಿಯ ಹೊರಗೆ ಮತ್ತೆ ಕಾರು ಸಿಡಿಯಿತು. ಆ ವೇಳೆಗೆ ಹೊಸ ತಡೆಗೋಡೆಗಳು ಎದ್ದಿದ್ದವು. ಸಿಬ್ಬಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ಗೋಡೆಯ ಪರ ಇದಕ್ಕಿಂತ ಒಳ್ಳೆಯ ವಾದ ಬೇಕೆ? ಬೇಡ, ಒಪ್ಪುತ್ತೇನೆ. ಆದರೆ ಎರಡನೆಯ ಲೆಕ್ಕವನ್ನು ಪೂರ್ತಿ ಓದಬೇಕು. 2009ರಲ್ಲೂ ಹದಿನೇಳು ಮಂದಿ ಸತ್ತರು, ಎಲ್ಲರೂ ಗೋಡೆಯ ಹೊರಗಿದ್ದವರು. 2008ರಲ್ಲಿ ಸತ್ತವರಲ್ಲೂ ಹೆಚ್ಚಿನವರು ಆಫ್ಘನ್ನರೇ. ವೀಸಾದ ಸಾಲಿನಲ್ಲಿ ಕಾಗದ ಹಿಡಿದು ನಿಂತವರು, ದಾರಿಹೋಕರು. ಗೋಡೆ ಸಾವನ್ನು ನಮ್ಮಿಂದ ದೂರ ತಳ್ಳಿತು. ತಳ್ಳಿದ್ದು ರಸ್ತೆಗೆ. ಅಲ್ಲಿ ಗಾಡಿಗಳನ್ನು ತಪಾಸಣೆ ಮಾಡುವ, ಸಾಲನ್ನು ಬೇರೆಡೆಗೆ ಸರಿಸುವ, ರಸ್ತೆಯನ್ನೇ ಮುಚ್ಚುವ ಅಧಿಕಾರ ಇರುವುದು ಮತ್ತೆ ಆತಿಥೇಯನ ಕೈಯಲ್ಲಿ. ಮೂವತ್ತು ಮೀಟರ್ ಅಂತರ ಬೇಕೆಂದು ಅಮೆರಿಕದ ಇನ್ಮನ್ ಸಮಿತಿ 1985ರಲ್ಲೇ ಬರೆದಿತ್ತು. ನೈರೋಬಿಯ ಅವರ ಕಚೇರಿ ಮಾತ್ರ ಎರಡು ದೊಡ್ಡ ರಸ್ತೆಗಳು ಕೂಡುವಲ್ಲಿ ಫುಟ್‌ಪಾತಿಗೆ ಒರಗಿಕೊಂಡೇ ಇತ್ತು. ಜಾಗ ಬದಲಿಸಿ ಎಂದು ರಾಯಭಾರಿ ಪ್ರುಡೆನ್ಸ್ ಬುಶ್ನೆಲ್ ಪತ್ರ ಬರೆದರು, ಹಣವಿಲ್ಲವೆಂದು ಕೈಚೆಲ್ಲಲಾಯಿತು. 1998ರ ಆಗಸ್ಟ್ 7ರಂದು ಅಲ್ಲಿ 213 ಜನ ಸತ್ತ ಮೇಲೆ ಹಣ ಹರಿಯಿತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ಎಲ್ಲ ಸರ್ಕಾರಗಳೂ ಒಂದೇ.

ನೈರೋಬಿಯ ಆ ಬೆಳಗಿನಲ್ಲಿ ನನ್ನ ವಾದಕ್ಕೆ ಬೇಕಾದ ಒಂದು ವಿವರ ಅಡಗಿದೆ. ಲಾರಿ ಹಿಂದಿನ ಗೇಟಿಗೆ ಬಂದು ತಡೆಗಂಬ ಎತ್ತು ಎಂದಾಗ ಅಲ್ಲಿದ್ದ ಕಾವಲುಗಾರ ಎತ್ತಲಿಲ್ಲ. ಅವನು ಕೀನ್ಯಾದವನು, ಗುತ್ತಿಗೆಯ ನೌಕರ, ಕೈಯಲ್ಲಿ ಬಂದೂಕಿಲ್ಲ. ಹೊಡೆಯುವ ಬೆದರಿಕೆ ಹಾಕಿದರೂ ಕೀಲಿ ತನ್ನ ಬಳಿ ಇಲ್ಲವೆಂದೇ ನಿಂತ. ಲಾರಿ ಕಟ್ಟಡದ ಕೆಳಗಿನ ಗ್ಯಾರೇಜಿಗೆ ಇಳಿದಿದ್ದರೆ ಸತ್ತವರ ಲೆಕ್ಕ ಎಲ್ಲಿಗೆ ಹೋಗುತ್ತಿತ್ತೋ! ಇಡೀ ಕಟ್ಟಡದ ರಕ್ಷಣೆ ಆ ಗಳಿಗೆಯಲ್ಲಿ ನಿಂತಿದ್ದು ಆ ಊರಿನ ಒಬ್ಬ ಮನುಷ್ಯ ತನ್ನ ಕೆಲಸವನ್ನು ತನ್ನದೆಂದು ಭಾವಿಸಿದ್ದಾನೋ ಇಲ್ಲವೋ ಎಂಬುದರ ಮೇಲೆ. ಭದ್ರತಾಧಿಕಾರಿ ಅವನನ್ನು ಹೆಸರು ಹಿಡಿದು ಕರೆಯುತ್ತಾನೋ, ಸಂಬಳ ತಡವಾದಾಗ ಗುತ್ತಿಗೆದಾರನಿಗೆ ಗದರಿಸುತ್ತಾನೋ, ಮಳೆಗೆ ಒಂದು ರೇನ್‌ಕೋಟು ಕೊಡಿಸಿದ್ದಾನೋ ಎಂಬ ಪ್ರಶ್ನೆಗಳಿಗೆ ನಮ್ಮ ತಪಾಸಣಾ ನಮೂನೆಗಳಲ್ಲಿ ಕಾಲಂ ಇಲ್ಲ. ಗೇಟಿನ ಕಬ್ಬಿಣದ ದಪ್ಪಕ್ಕೆ ಇದೆ.

ಇನ್ನೊಂದು ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು. ಆತಿಥೇಯನೇ ವೈರಿಯಾದರೆ? ಅವನ ಮೇಲೆ ಭಾರ ಹಾಕು ಎಂದರೆ ನರಿಗೆ ಕೋಳಿಗೂಡು ಒಪ್ಪಿಸಿದಂತಲ್ಲವೆ? ಮಾಸ್ಕೋ ಇದರ ದೊಡ್ಡ ಪಾಠಶಾಲೆ. 1945ರಲ್ಲಿ ಸೋವಿಯತ್ ಶಾಲಾ ಮಕ್ಕಳು ಅಮೆರಿಕದ ರಾಯಭಾರಿಗೆ ಮರದಲ್ಲಿ ಕೆತ್ತಿದ ರಾಜಮುದ್ರೆಯನ್ನು ಉಡುಗೊರೆ ಕೊಟ್ಟರು. ಅದು ರಾಯಭಾರಿಯ ಕೋಣೆಯ ಗೋಡೆಯ ಮೇಲೆ ಏಳು ವರ್ಷ ತೂಗಿತು. 1952ರಲ್ಲಿ ಬಿಚ್ಚಿ ನೋಡಿದರೆ ಒಳಗೆ ಬ್ಯಾಟರಿಯೂ ಇಲ್ಲದ, ತಂತಿಯೂ ಇಲ್ಲದ ಕದ್ದಾಲಿಕೆಯ ಯಂತ್ರ. ಮುಂದೆ ಅದೇ ಊರಿನಲ್ಲಿ ಹೊಸ ಕಚೇರಿ ಕಟ್ಟಲು ಹೊರಟಾಗ ಕಾಂಕ್ರೀಟಿನ ಕಂಬ, ತೊಲೆಗಳನ್ನು ಬೇರೆಡೆ ಎರಕಹೊಯ್ದು ತರುವ ಗುತ್ತಿಗೆ ಸೋವಿಯತ್ತರ ಕೈಗೆ ಹೋಯಿತು. ಆ ತುಂಡುಗಳೊಳಗೇ ಕಿವಿಗಳು ಹುದುಗಿದ್ದವು. 1985ರಲ್ಲಿ ಕೆಲಸ ನಿಂತಿತು, ಕೊನೆಗೆ ಮೇಲಿನ ಎರಡು ಅಂತಸ್ತನ್ನು ಕೆಡವಿ ಹೊಸದಾಗಿ ಕಟ್ಟಬೇಕಾಯಿತು. ಕಚೇರಿ ಬಾಗಿಲು ತೆರೆಯುವ ಹೊತ್ತಿಗೆ 2000ನೇ ಇಸವಿ ಬಂದಿತ್ತು, ಕದ್ದು ಕೇಳಬೇಕೆಂದಿದ್ದ ಸೋವಿಯತ್ ಒಕ್ಕೂಟವೇ ಇರಲಿಲ್ಲ. ಇಷ್ಟಾದರೂ ಅಷ್ಟು ವರ್ಷ ಆ ಕಚೇರಿಯ ಗೇಟಿನ ಹೊರಗೆ ಕಾವಲು ನಿಂತವನು ಸೋವಿಯತ್ ಪೊಲೀಸನೇ. ಒಳಗಿನ ಮಾತನ್ನು ಕದಿಯುವ ಸರ್ಕಾರವೇ ಹೊರಗಿನ ಗುಂಪನ್ನು ತಡೆಯುತ್ತಿತ್ತು. ಇವೆರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಲಾರದವನು ಈ ಕೆಲಸಕ್ಕೆ ಬರಬಾರದು. ಮಾತನ್ನು, ಕಾಗದವನ್ನು, ಕಂಪ್ಯೂಟರನ್ನು ಆತಿಥೇಯನಿಂದ ಕಾಪಾಡಬೇಕು. ಜೀವವನ್ನು ಆತಿಥೇಯನ ಕೈಯಲ್ಲೇ ಇಡಬೇಕು. ನಂಬಿಕೆ ಎಂದು ನಾನು ಹೇಳುತ್ತಿರುವುದು ಸ್ನೇಹವನ್ನಲ್ಲ, ಪರಿಚಯವನ್ನು. ಯಾವ ಅಧಿಕಾರಿ ಎಷ್ಟರ ಮಟ್ಟಿಗೆ ಬರುತ್ತಾನೆ, ಯಾರ ಆದೇಶಕ್ಕೆ ಕಾಯುತ್ತಾನೆ, ಯಾವ ವಿಷಯಕ್ಕೆ ಫೋನು ಎತ್ತುವುದಿಲ್ಲ ಎಂಬ ತಿಳಿವಳಿಕೆ ವೈರಿಯ ಬಗ್ಗೆಯೂ ಇರಬಹುದು, ಇರಲೇಬೇಕು.

ಆತಿಥೇಯನೇ ಇಲ್ಲವಾದ ದಿನ? 2021ರ ಆಗಸ್ಟಿನಲ್ಲಿ ಕಾಬೂಲಿನಲ್ಲಿ ಒಂದೇ ಮಧ್ಯಾಹ್ನದಲ್ಲಿ ಸರ್ಕಾರ ಮಾಯವಾಯಿತು. ನಮ್ಮ ಕಚೇರಿಯ ಗೋಡೆ, ಜವಾನರು, ಅವರ ಮೂರು ನಾಯಿಗಳು ಎಲ್ಲ ಇದ್ದಲ್ಲೇ ಇದ್ದರು. ಆದರೂ ಇನ್ನು ಒಂದು ದಿನ ಅಲ್ಲಿರುವುದು ಸಾಧ್ಯವಿಲ್ಲವೆಂದು ದೆಹಲಿ ತೀರ್ಮಾನಿಸಿತು, ಸರಿಯಾಗಿಯೇ ತೀರ್ಮಾನಿಸಿತು. ವಿಮಾನ ನಿಲ್ದಾಣದವರೆಗೆ ನಮ್ಮ ಗಾಡಿಗಳ ಸಾಲಿಗೆ ದಾರಿ ಮಾಡಿಕೊಟ್ಟವರು ಬಂದೂಕು ಹಿಡಿದ ತಾಲಿಬಾನಿಗಳು ಎಂದು ಎಎಫ್‌ಪಿ ವರದಿ ಮಾಡಿತು. ವರ್ಷಗಟ್ಟಲೆ ಯಾರ ಭಯಕ್ಕೆ ಗೋಡೆ ಕಟ್ಟಿದೆವೋ ಅವರೇ ಆ ರಾತ್ರಿ ಬೀದಿಯ ಒಡೆಯರು, ಹಾಗಾಗಿ ಕಾವಲಿನ ಹೊಣೆಯೂ ಅವರ ಹೆಗಲಿಗೇ ಬಿತ್ತು. ಮುಂದಿನ ವರ್ಷ ನಮ್ಮ ತಂಡ ಕಾಬೂಲಿಗೆ ಮರಳಿದ್ದೂ ಅವರು ಕೊಟ್ಟ ಮಾತಿನ ಮೇಲೆಯೇ. ಇದನ್ನು ಕಂಡು ಹಲ್ಲು ಕಡಿದವರು ನಮ್ಮಲ್ಲಿ ಬಹಳ ಜನ. ನನಗೂ ಸಿಹಿಯಾಗಿರಲಿಲ್ಲ. ಆದರೆ 22ನೇ ವಿಧಿ ಒಳ್ಳೆಯ ಆತಿಥೇಯ, ಕೆಟ್ಟ ಆತಿಥೇಯ ಎಂದು ಭೇದ ಮಾಡಿಲ್ಲ.

ಗೋಡೆಯ ವಾದಕ್ಕೆ ಸಿಕ್ಕದ ಇನ್ನೊಂದು ಸಂಗತಿ, ರಾಜತಾಂತ್ರಿಕನೂ ಸಂಜೆ ಮನೆಗೆ ಹೋಗುತ್ತಾನೆ. ಬರ್ಮಿಂಗ್‌ಹ್ಯಾಮ್‌ನ ನಮ್ಮ ಕಚೇರಿಯ ರವೀಂದ್ರ ಮ್ಹಾತ್ರೆಯವರನ್ನು 1984ರ ಫೆಬ್ರವರಿ 3ರಂದು ಎತ್ತಿಕೊಂಡು ಹೋದದ್ದು ಕೆಲಸ ಮುಗಿಸಿ, ಮಗಳ ಹುಟ್ಟುಹಬ್ಬದ ಕೇಕು ಹಿಡಿದು ಮನೆಗೆ ಹೊರಟಿದ್ದಾಗ. ಎರಡು ದಿನಗಳಲ್ಲಿ ಶವ ಸಿಕ್ಕಿತು. ಆ ಕಚೇರಿಗೆ ಎಷ್ಟು ಎತ್ತರದ ಕಾಂಪೌಂಡು ಇದ್ದಿದ್ದರೆ ಅವರು ಬದುಕುತ್ತಿದ್ದರು? ಇನ್ನು 2023ರ ಮಾರ್ಚ್ 19ರಂದು ಪ್ರತಿಭಟನಕಾರರು ಲಂಡನ್ನಿನ ನಮ್ಮ ಹೈಕಮಿಷನ್ನಿನ ಬಾಲ್ಕನಿ ಹತ್ತಿ ಧ್ವಜ ಎಳೆದಾಗ ಬ್ರಿಟಿಷ್ ಪೊಲೀಸರು ಅಲ್ಲಿರಲಿಲ್ಲ. ದೆಹಲಿ ಅಂದು ರಾತ್ರಿಯೇ ಅವರ ಅಧಿಕಾರಿಯನ್ನು ಕರೆಸಿ ಕೇಳಿತು. ಮೂರು ದಿನಕ್ಕೆ ದೆಹಲಿಯ ಬ್ರಿಟಿಷ್ ಹೈಕಮಿಷನ್ನಿನ ಮುಂದಿನ ಬ್ಯಾರಿಕೇಡುಗಳು ಎದ್ದುಹೋದವು. ಲಂಡನ್ನಿನಲ್ಲಿ ಪೊಲೀಸರ ಸಂಖ್ಯೆ ಏರಿತು. ರಾಜಕೀಯವಾಗಿ ಮುಟ್ಟಿದ ಪೆಟ್ಟು ಅದು, ಇಲ್ಲವೆನ್ನಲಾರೆ. ಆದರೂ ಆ ಬ್ಯಾರಿಕೇಡು ಎತ್ತುವ ಕ್ರಮ ಈ ಕಸುಬಿನವನಿಗೆ ಒಗ್ಗದು. ಕಾವಲನ್ನು ಚೌಕಾಸಿಗೆ ಇಟ್ಟ ಮೇಲೆ ಅದು ಎಲ್ಲ ಕಡೆಯೂ ಅಗ್ಗವಾಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾವು ಅಧಿಕಾರಿಯನ್ನು ಎರಡು ಮೂರು ವರ್ಷಕ್ಕೆ ಕಳಿಸುತ್ತೇವೆ. ಮೊದಲ ವರ್ಷ ಭಾಷೆ, ದಾರಿ, ಹೆಸರು ಕಲಿಯುವುದಕ್ಕೆ ಹೋಗುತ್ತದೆ. ಕೊನೆಯ ಆರು ತಿಂಗಳು ಮುಂದಿನ ಪೋಸ್ಟಿಂಗಿನ ಚಿಂತೆ, ಮಕ್ಕಳ ಶಾಲೆಯ ಚಿಂತೆ. ಪೊಲೀಸ್ ಕಮಿಷನರ್ ಕಚೇರಿಯ ಗುಮಾಸ್ತನಿಂದ ಹಿಡಿದು ಬಡಾವಣೆಯ ಠಾಣೆಯವರೆಗೆ ಮುಖಪರಿಚಯ ಬೆಳೆಸುವುದಕ್ಕೆ ಉಳಿಯುವುದು ನಡುವಿನ ಒಂದಿಷ್ಟು ತಿಂಗಳು. ಆಮೇಲೆ ಚಾರ್ಜು ಹಸ್ತಾಂತರ. ಚಾರ್ಜ್ ಪಟ್ಟಿಯನ್ನು ನೋಡಬೇಕು: ಬುಲೆಟ್ ಪ್ರೂಫ್ ಜಾಕೆಟು ಇಷ್ಟು, ಹೆಲ್ಮೆಟು ಇಷ್ಟು, ಕೈ ಟಾರ್ಚು ಇಷ್ಟು, ಅದರಲ್ಲಿ ಕೆಟ್ಟದ್ದು ಎರಡು, ಬೆಂಕಿ ಆರಿಸುವ ಸಿಲಿಂಡರು ಇಷ್ಟು, ಕೀಲಿಗೊಂಚಲು ಇಷ್ಟು, ಡೂಪ್ಲಿಕೇಟ್ ಸಹಿತ. ಒಂದು ಟಾರ್ಚು ಕಡಿಮೆಯಾದರೆ ವಿವರಣೆ ಬರೆಯಬೇಕು. ರಾತ್ರಿ ಎರಡು ಗಂಟೆಗೆ ಕರೆದರೆ ಬರುವ ಇನ್‌ಸ್ಪೆಕ್ಟರನ ಪರಿಚಯ ಹೋದವನ ಜೊತೆಯಲ್ಲೇ ಹೋಗಿಬಿಡುತ್ತದೆ. ಅದಕ್ಕೆ ವಿವರಣೆ ಕೇಳುವವರಿಲ್ಲ. ಹೆಚ್ಚು ಕಾಲ ಒಂದೇ ಕಡೆ ಇಟ್ಟರೆ ಅಧಿಕಾರಿ ಸ್ಥಳೀಯರ ಬಲೆಗೆ ಬೀಳುತ್ತಾನೆ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಬಿದ್ದ ಉದಾಹರಣೆಗಳೂ ಇವೆ. 2010ರಲ್ಲಿ ಇಸ್ಲಾಮಾಬಾದಿನ ನಮ್ಮ ಕಚೇರಿಯ ಒಬ್ಬ ಅಧಿಕಾರಿಯೇ ಬೇಹುಗಾರಿಕೆಯ ಆರೋಪದ ಮೇಲೆ ಬಂಧನಕ್ಕೊಳಗಾದದ್ದು, ಮುಂದೆ ಶಿಕ್ಷೆಯಾದದ್ದು ದಾಖಲೆಯಲ್ಲಿದೆ. ಆದರೆ ಬಲೆಗೆ ಬೀಳಲು ಹತ್ತು ವರ್ಷ ಬೇಕಿಲ್ಲ, ಒಂದು ವರ್ಷವೂ ಧಾರಾಳ. ಪರಿಚಯ ಕಟ್ಟಲು ಮಾತ್ರ ವರ್ಷಗಳು ಬೇಕು. ಹೋಗುವವನೂ ಬರುವವನೂ ಆರು ತಿಂಗಳು ಜೊತೆಗಿದ್ದು ಊರು ಸುತ್ತಿದರೆ ಆಗುವ ಖರ್ಚು ಎಷ್ಟು? ಒಂದು ಹೊಸ ಸ್ಕ್ಯಾನರಿನ ಬೆಲೆಯಷ್ಟೂ ಆಗಲಿಕ್ಕಿಲ್ಲ.

ಈಗ ಬೆಂಗಳೂರೂ ಆತಿಥೇಯ ಊರು. ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್ ದೂತಾವಾಸಗಳು ಇಲ್ಲಿವೆ, 2025ರ ಜನವರಿಯಲ್ಲಿ ಅಮೆರಿಕದ್ದೂ ಉದ್ಘಾಟನೆಯಾಯಿತು. ಅವುಗಳಲ್ಲಿ ಕೂತ ಭದ್ರತಾಧಿಕಾರಿಗೆ ಇಲ್ಲಿನ ಠಾಣೆಯೇ ಮಜಾರ್-ಎ-ಶರೀಫ್‌ನ ಗವರ್ನರ್. ಠಾಣೆಗೆ ಹೊಸ ಇನ್‌ಸ್ಪೆಕ್ಟರ್ ಬಂದ ವಾರದಲ್ಲೇ ಹೋಗಿ ನಮಸ್ಕಾರ ಹೇಳಿ ಬರುತ್ತಾನೋ, ಹೊರಗೆ ಪಾಳಿ ಮಾಡುವ ಪೇದೆಯನ್ನು ‘ಊಟ ಆಯ್ತಾ’ ಎಂದು ಕೇಳುವಷ್ಟು ಕನ್ನಡ ಕಲಿತಿದ್ದಾನೋ ಎಂದು ನನಗೆ ಹಳೆಯ ಚಾಳಿಯ ಕುತೂಹಲ. ಅಂಥ ಗೇಟಿನ ಮುಂದೆ ಹಾದುಹೋಗುವಾಗ ಕಣ್ಣು ಕ್ಯಾಮೆರಾಗಳ ಕಡೆಗೆ ಹೋಗುವುದಿಲ್ಲ. ಪೇದೆ ಕೂತ ಕುರ್ಚಿಯ ಕಡೆಗೆ ಹೋಗುತ್ತದೆ: ನೆರಳಿನಲ್ಲಿದೆಯೋ ಬಿಸಿಲಿನಲ್ಲಿದೆಯೋ, ಅದು ಠಾಣೆಯಿಂದ ತಂದದ್ದೋ ಒಳಗಿನವರು ಕೊಟ್ಟದ್ದೋ.